ರೂವಾನ್‌ನ ಹಳೆಯ ಮಾರುಕಟ್ಟೆಯಲ್ಲಿ

ಸಂತ ಜೋನ್ ಆಫ್ ಆರ್ಕರಿಗೆ ಸಮಾಧಿಯಿಲ್ಲ. ಆದುದರಿಂದ ನಾವು ಫ್ರಾನ್ಸಿನ ರೂವಾನ್ ನಗರದ ಹಳೆಯ ಮಾರುಕಟ್ಟೆ ಚೌಕಕ್ಕೇ ಹೋದೆವು. ಓರ್ಲಿಯನ್ಸ್ ನಗರವನ್ನು ಆಂಗ್ಲರ ಮುತ್ತಿಗೆಯಿಂದ ಬಿಡಿಸಿದ ಈ ರೈತನ ಮಗಳನ್ನು, ಸುಮಾರು 19ರ ಪ್ರಾಯದಲ್ಲಿ, 1431ರ ಮೇ 30ರಂದು ಇಲ್ಲಿಯೇ ಜೀವಂತ ಸುಟ್ಟು ಬೂದಿಯನ್ನು ಸೇನ್ ನದಿಗೆ ಎಸೆದರು. 'ಪಾಷಂಡಿ' ಎಂದು ತೀರ್ಪಿತ್ತದ್ದು ಧರ್ಮಾಧ್ಯಕ್ಷರೊಬ್ಬರ ನ್ಯಾಯಪೀಠವೇ ಎಂಬುದು ನಮಗೆ ನೋವಿನ ಮಾತು. 1456ರಲ್ಲಿ ಆ ತೀರ್ಪು ರದ್ದಾಯಿತು. ಸಂತ ಪದವಿ ದೊರೆತದ್ದು 1920ರಲ್ಲಿ!

ಕೊನೆಗಳಿಗೆಯಲ್ಲಿ ಆಕೆ ಶಿಲುಬೆ ಬೇಡಿದಾಗ, ಗುರುಗಳೊಬ್ಬರು ಪಕ್ಕದ ದೇವಾಲಯದಿಂದ ತಂದು ಕಣ್ಣೆದುರು ಎತ್ತಿ ಹಿಡಿದರಂತೆ. ಆ ದೇವಾಲಯದ ಅಡಿಪಾಯದ ಕಲ್ಲುಗಳು ಇಂದಿಗೂ ಚೌಕದಲ್ಲಿವೆ. ನಾವು ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ.

ಮಗ್ಗುಲಲ್ಲಿ 1979ರಲ್ಲಿ ಪೂರ್ಣಗೊಂಡ, ಆಕೆಯ ಹೆಸರಿನ ದೇವಾಲಯ. ಒಳಗೆ 16ನೆಯ ಶತಮಾನದ ಬಣ್ಣದ ಗಾಜಿನ ಕಿಟಕಿಗಳು: 1944ರಲ್ಲಿ ಬಾಂಬಿಗೆ ನಾಶವಾದ ಸಂತ ವಿನ್ಸೆಂಟರ ದೇವಾಲಯದಿಂದ ಮೊದಲೇ ಬಿಚ್ಚಿ ಉಳಿಸಿಕೊಂಡವು.