ನದಿಗೆ ಜಾಗ ಬಿಟ್ಟ ಊರು

ಪರಿಸರ ವಿಜ್ಞಾನದ ಒಂದು ಸೆಮಿಸ್ಟರ್ ಕಲಿಯಲು ಮುಂಬಯಿಯಿಂದ ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್‌ಗೆ ಹೊರಟಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ಅಲ್ಲಿಯೂ ಮಳೆಗೆ ನೀರು ನಿಲ್ತದಾ ಮಗಾ?" 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು, ಕುರ್ಲಾದ ನಮ್ಮ ಮನೆಗೆ ಮಿಠಿ ನದಿ ನುಗ್ಗಿತ್ತು. ನಾನಾಗ ಕೈಗೂಸು. ಅಜ್ಜಿ ಅದನ್ನು ಮರೆತಿಲ್ಲ.

ಆ ದೇಶದ ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. 1953ರ ಪ್ರವಾಹದಲ್ಲಿ ಅಲ್ಲಿ 1,836 ಜನ ಸತ್ತರು. ಎಲ್ಲೆಲ್ಲೂ ಎತ್ತರದ ಒಡ್ಡುಗಳನ್ನೇ ಕಾಣುವೆನೆಂದು ಹೋದೆ. ಅಧ್ಯಾಪಕರು ಕರೆದೊಯ್ದದ್ದು ವಾಲ್ ನದಿಯ ದಂಡೆಯ ನೈಮೇಗನ್‌ಗೆ. 1995ರಲ್ಲಿ ನದಿಗಳು ಉಕ್ಕಿ ದೇಶದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಟ್ಟಿದ್ದರು. ಅದರಿಂದ ಪಾಠ ಕಲಿತು, ಇಲ್ಲಿ ಒಡ್ಡನ್ನು ಎತ್ತರಿಸುವ ಬದಲು ಸುಮಾರು 350 ಮೀಟರ್ ಹಿಂದಕ್ಕೆ ಸರಿಸಿ, ನದಿಗೆ ಇನ್ನೊಂದು ಪಾತ್ರವನ್ನೇ ತೋಡಿದ್ದಾರೆ. ಅದಕ್ಕಾಗಿ ಸುಮಾರು ಐವತ್ತು ಮನೆಗಳು ಹೋದವು.

ಹೊಸ ದಂಡೆಯಲ್ಲಿ ಮಕ್ಕಳು ಆಡುತ್ತಿದ್ದರು. ಎಲ್ಲರೂ ಮೆಚ್ಚಿ ಫೋಟೋ ತೆಗೆದರು. ನನಗೆ ಮಾತ್ರ ಆ ಐವತ್ತು ಮನೆಗಳದೇ ಯೋಚನೆ. ಮಿಠಿಗೂ ಜಾಗ ಬಿಡಬೇಕೆಂದರೆ ಮೊದಲು ಹೋಗುವುದು ನಮ್ಮದೇ ಮನೆಯಲ್ಲವೇ?

ರಾತ್ರಿ ಫೋನಿನಲ್ಲಿ ಅಜ್ಜಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಹೊಳೆಯ ಜಾಗ ಹೊಳೆಗೇ ಮಗಾ. ಆದರೆ ಹೋಗುವವರಿಗೂ ಒಂದು ಜಾಗ ಬೇಕಲ್ಲ?"

ಗೆಳೆಯರೇ, ಆ ಸೆಮಿಸ್ಟರಿನಲ್ಲಿ ನನಗೆ ಉತ್ತರ ಸಿಗದ ಪ್ರಶ್ನೆ ಅದೊಂದೇ.