ಮಿರಜಿಯಿಂದ ಊರಿಗೆ ಬಂದ ಸೋನೋಗ್ರಫಿ

ಬಸುರಿಗೆ ಸೋನೋಗ್ರಫಿ ಬರೆದುಕೊಟ್ಟರೆ ಒಂದು ಕಾಲಕ್ಕೆ ಊರು ಬಿಟ್ಟೇ ಹೋಗಬೇಕಿತ್ತು. ರಾಯಬಾಗ, ಕುಡಚಿ, ಉಗಾರ, ಶೇಡಬಾಳದವರು ಮಹಾರಾಷ್ಟ್ರದ ಮಿರಜಿಯ ರೈಲು ಹತ್ತುತ್ತಿದ್ದರು. ಅಥಣಿ, ಕಾಗವಾಡದವರಿಗೆ ಬಸ್ಸು. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. 1894ರಲ್ಲಿ ವಿಲಿಯಂ ವಾನ್ಲೆಸ್ ಆಸ್ಪತ್ರೆ ಕಟ್ಟಿದಾಗಿನಿಂದ ದೊಡ್ಡ ಜಡ್ಡು ಎಂದರೆ ಈ ಸೀಮೆಗೆ ಮಿರಜಿಯೇ.

ಹೊಟ್ಟೆತುಂಬ ನೀರು ಕುಡಿದು, ಮೂತ್ರ ತಡೆದುಕೊಂಡು ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸರನ್ನು ಕಂಡವರು ಮರೆತಿಲ್ಲ. ಜೊತೆಗೆ ಬಂದ ಅತ್ತೆಯಂದಿರದು ಒಂದೇ ಚಿಂತೆ: “ಬಾಯಾರ, ಈ ಮಷಿನ್‌ದಿಂದ ಕೂಸಿಗೆ ಏನೂ ಆಗೂದಿಲ್ಲಲ್ರಿ?”

ಅದು ತಿಳಿಯದವರ ಪ್ರಶ್ನೆಯಲ್ಲ. ವಿಜ್ಞಾನಿಗಳನ್ನೂ ಅದೇ ಕಾಡಿತ್ತು. ಸೋನೋಗ್ರಫಿ ಚಿತ್ರ ಮೂಡಿಸುವುದು ಕಿವಿಗೆ ಕೇಳದ ಧ್ವನಿಯಿಂದ. ಅಂಥ ಧ್ವನಿ ತೀವ್ರವಾದಾಗ ಕೆಂಪು ರಕ್ತಕಣಗಳು ಒಡೆಯುವುದನ್ನು, ಸಣ್ಣ ಮೀನು, ಕಪ್ಪೆಗಳು ಸಾಯುವುದನ್ನು ಅಮೆರಿಕದ ವುಡ್ ಮತ್ತು ಲೂಮಿಸ್ 1927ರಲ್ಲೇ ಕಂಡಿದ್ದರು. ಕೂಸಿನ ಎದೆಬಡಿತ ಪತ್ತೆಹಚ್ಚುವ ಯಂತ್ರದ ಧ್ವನಿಯಿಂದ, ಪ್ರಯೋಗಾಲಯದಲ್ಲಿ ಬೆಳೆಸಿದ ರಕ್ತಕೋಶಗಳ ವರ್ಣತಂತುಗಳು ಮುರಿಯುತ್ತವೆ ಎಂದು 1970ರಲ್ಲಿ ಮ್ಯಾಕಿಂಟಾಶ್ ಮತ್ತು ಡೇವಿ ಬರೆದಾಗ ವೈದ್ಯಲೋಕ ಬೆಚ್ಚಿತು. ಬೇರೆಯವರು ಮಾಡಿ ನೋಡಿದರೆ ಆ ಫಲ ಸಿಗಲಿಲ್ಲ. 1975ರ ಹೊತ್ತಿಗೆ ಸ್ವತಃ ಮ್ಯಾಕಿಂಟಾಶ್‌ಗೂ ಸಿಗಲಿಲ್ಲ.

ಧ್ವನಿ ಜೀವಕೋಶವನ್ನು ಕೆಡಿಸುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಬಿಸಿ. ಇನ್ನೊಂದು, ದ್ರವದೊಳಗಿನ ಅನಿಲದ ಗುಳ್ಳೆಗಳು ಹಿಗ್ಗಿ ಫಟ್ಟನೆ ಕುಸಿದು ಪಕ್ಕದ ಕೋಶದ ಪೊರೆ ಹರಿಯುವುದು. ಗಾಜಿನ ತಟ್ಟೆಯ ಕೋಶಗಳಿಗೆ ಗುಳ್ಳೆಗಳ ಕಾಟ ಹೆಚ್ಚು; ಬಿಸಿಯನ್ನು ಹೊತ್ತೊಯ್ಯಲು ಅಲ್ಲಿ ರಕ್ತದ ಹರಿವಿಲ್ಲ. ಗರ್ಭದ ಕೂಸಿನಲ್ಲಿ ಅಂಥ ಅನಿಲವಿಲ್ಲ. ಹಾಗಾಗಿ ತಟ್ಟೆಯಲ್ಲಿ ಕಂಡದ್ದೆಲ್ಲ ಹೊಟ್ಟೆಯಲ್ಲೂ ಆಗುತ್ತದೆ ಎನ್ನಲಾಗದು. ಆದರೂ ಬೇಕಾದಷ್ಟೇ ಹೊತ್ತು, ಬೇಕಾದಷ್ಟೇ ಶಕ್ತಿ ಎಂಬ ನಿಯಮ ಉಳಿಯಿತು. ಇಂದಿನ ಯಂತ್ರಗಳ ಪರದೆಯ ಮೇಲೆ ಕಾಣುವ ಟಿಐ, ಎಂಐ ಅಂಕಿಗಳು ಬಿಸಿ, ಗುಳ್ಳೆ ಎಂಬ ಆ ಎರಡು ಅಪಾಯಗಳ ಅಳತೆಯೇ.

ಮುಂದೆ ಯಂತ್ರ ಸಣ್ಣದಾಯಿತು, ಚಿಕ್ಕೋಡಿ, ಅಥಣಿಯ ದವಾಖಾನೆಗಳಿಗೂ ಬಂತು. ಅದರ ಬೆನ್ನಿಗೇ ಅತ್ತೆಯಂದಿರು ಎಣಿಸದಿದ್ದ ಕೇಡೂ ಬಂತು: ಕೂಸು ಹೆಣ್ಣೆಂದು ತಿಳಿದು ಗರ್ಭ ತೆಗೆಸುವುದು. ಭ್ರೂಣಲಿಂಗ ಪತ್ತೆ ನಿಷೇಧಿಸಿದ 1994ರ ಕಾಯ್ದೆ 1996ರಲ್ಲಿ ಜಾರಿಯಾಯಿತು. ಬಾಗಿಲಲ್ಲಿ ಲಿಂಗ ಹೇಳುವುದಿಲ್ಲ ಎಂಬ ಫಲಕ, ಒಳಗೆ ಪ್ರತಿ ಬಸುರಿಯ ವಿವರ ಬರೆಯುವ ‘ಎಫ್’ ನಮೂನೆ ಕಡ್ಡಾಯವಾದವು. ಅಷ್ಟಿದ್ದೂ 2017ರ ಮಾರ್ಚ್‌ನಲ್ಲಿ, ಗರ್ಭಪಾತದ ವೇಳೆ ಸತ್ತ ಹೆಣ್ಣುಮಗಳ ಪ್ರಕರಣದ ಜಾಡು ಹಿಡಿದ ಪೊಲೀಸರಿಗೆ, ಕಾಗವಾಡದ ಮಗ್ಗುಲಿನ, ಗಡಿಯಾಚೆಯ ಮ್ಹೈಸಾಳದಲ್ಲಿ ಹೂತಿಟ್ಟ 19 ಭ್ರೂಣಗಳು ಸಿಕ್ಕವು. ತನಿಖೆ ಗಡಿ ದಾಟಿ ಕರ್ನಾಟಕಕ್ಕೂ ಬಂತು.

ವೈದ್ಯರು ಬರೆದುಕೊಟ್ಟಾಗ ಸೋನೋಗ್ರಫಿಗೆ ಅಂಜಬೇಡಿ. ಗಂಡೋ ಹೆಣ್ಣೋ ಹೇಳುತ್ತೇವೆ ಎಂದವರು ಕಂಡರೆ ಮಾತ್ರ ಸುಮ್ಮನಿರಬೇಡಿ, ಆರೋಗ್ಯಾಧಿಕಾರಿಗೆ ದೂರು ಕೊಡಿ.