ಬೀಜವಾಗಿ ಇಡೋಣ, ಪುಡಿಯಾಗಿ ಬಳಸೋಣ

ಕೆಲವು ಪದಾರ್ಥಗಳು ಇಟ್ಟಷ್ಟೂ ಬೆಲೆ ಬಾಳುತ್ತವೆ. ಹಳೆಯ ಅಕ್ಕಿ, ಹಳೆಯ ಹುಣಸೆಹಣ್ಣು ಇದಕ್ಕೆ ನಿದರ್ಶನ. ಇನ್ನು ಕೆಲವು ಇಡುವುದರಿಂದಲೇ ಕೆಡುತ್ತವೆ. ಅಗಸೆ ಬೀಜದಲ್ಲಿ ಈ ಎರಡೂ ಗುಣಗಳಿವೆ. ಇಡಿಯ ಬೀಜವಾಗಿ ಅದು ವರ್ಷದವರೆಗೂ ತಾಳುತ್ತದೆ. ಪುಡಿಯಾಯಿತೆಂದರೆ ದಿನದಿಂದ ದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ.

ಅಗಸೆ ಎಂದೊಡನೆ ಕರಾವಳಿಯ ಓದುಗರಿಗೆ ಹೂವು, ಸೊಪ್ಪು ಕೊಡುವ ಅಗಸೆ ಮರ ನೆನಪಾಗಬಹುದು. ನಾನು ಹೇಳುತ್ತಿರುವುದು ಹಿಂಗಾರಿನಲ್ಲಿ ಕಪ್ಪುನೆಲದ ಹೊಲಗಳಲ್ಲಿ ನೀಲಿ ಹೂ ಬಿಡುವ ಸಣ್ಣ ಗಿಡದ ವಿಷಯ. ಹಳಿಯಾಳ ಸೀಮೆಯ ಮರಾಠಿ ಮನೆಗಳಲ್ಲಿ ಇದು 'ಜವಸ'. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದಕ್ಕೆ ಇಟ್ಟ ಲ್ಯಾಟಿನ್ ಹೆಸರಿನ ಅರ್ಥವೇ 'ಅತ್ಯಂತ ಉಪಯುಕ್ತ' ಎಂದು. ಪವಿತ್ರ ಗ್ರಂಥದಲ್ಲಿ ನಾವು ಓದುವ ನಾರುಮಡಿಯ ನಾರು ಸಹ ಈ ಗಿಡದ ದಂಟಿನದೇ.

ಸಾಂಬ್ರಾಣಿಗೆ ಒಂದೆಡೆ ಕಾಡು, ಇನ್ನೊಂದೆಡೆ ಧಾರವಾಡದ ಬಯಲು ನೆರೆ. ಇಲ್ಲಿನ ಊಟದಲ್ಲಿ ಅನ್ನವೂ ಉಂಟು, ರೊಟ್ಟಿಯೂ ಉಂಟು. ರೊಟ್ಟಿಯಿದ್ದಲ್ಲಿ ಅಗಸಿ ಹಿಂಡಿಯೂ ಉಂಟು. ಒಮ್ಮೆ ಅಲ್ಲಿನ ಒಂದು ಮನೆಗೆ ಭೇಟಿಯಿತ್ತಾಗ ವಯಸ್ಸಾದ ತಾಯಿಯೊಬ್ಬರು ಗೂಡಿನಿಂದ ಡಬ್ಬಿಯೊಂದನ್ನು ಇಳಿಸಿದರು. "ಮಗಾ ಗೋವಾದಿಂದ ಕ್ರಿಸ್‌ಮಸ್ಸಿಗೆ ಬರ್ತಾನ್ರಿ ಫಾದರ್, ಅವಂಗಂತ ಮಳಿಗಾಲದಾಗ ಮಾಡಿಟ್ಟೇನಿ," ಎಂದರು. ಮುಚ್ಚಳ ತೆಗೆದೊಡನೆ ಹೊಸದಾಗಿ ಬಳಿದ ಬಣ್ಣದಂಥ ವಾಸನೆ ಬಂದಿತು. ನಾಲ್ಕು ತಿಂಗಳು ತಾವೂ ತಿನ್ನದೆ, ಮೊಮ್ಮಕ್ಕಳಿಗೂ ಕೊಡದೆ ಕಾಯ್ದಿಟ್ಟ ಹಿಂಡಿ ಕಮಟಾಗಿತ್ತು. ಅದನ್ನು ಚೆಲ್ಲಬೇಕೆಂದು ಹೇಳುವುದು ನನಗೆ ಕಷ್ಟವಾಯಿತು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಇಟ್ಟ ರೀತಿ ಮಾತ್ರ ಆ ಪದಾರ್ಥಕ್ಕೆ ಒಗ್ಗುವಂಥದ್ದಾಗಿರಲಿಲ್ಲ.

ಬಣ್ಣದ ವಾಸನೆಗೆ ಕಾರಣವಿದೆ. ಬಡಗಿಗಳು ಬಾಗಿಲಿಗೆ, ಹುಡುಗರು ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪದರವಾಗುತ್ತದೆ. ಬೀಜದ ತೂಕದಲ್ಲಿ ಸುಮಾರು ನೂರಕ್ಕೆ 40 ಭಾಗ ಇದೇ ಎಣ್ಣೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಹೃದಯಕ್ಕೆ ಹಿತವೆನ್ನುವ ಒಮೆಗಾ-3 ಕೊಬ್ಬು. ಗಾಳಿ, ಬೆಳಕು, ಶಾಖಗಳಿಗೆ ಬೇಗ ಕೆಡುವುದೂ ಅದೇ ಕೊಬ್ಬು. ಗಟ್ಟಿ ಸಿಪ್ಪೆ ಇರುವವರೆಗೆ ಅದಕ್ಕೆ ರಕ್ಷಣೆಯಿದೆ. ಹಾಗೆಂದು ಬೀಜವನ್ನು ಇಡಿಯಾಗಿ ನುಂಗಿದರೆ ಬಹುಪಾಲು ಜೀರ್ಣವಾಗದೆ ಹೊರಹೋಗುತ್ತದೆ. ಆದುದರಿಂದ ಪುಡಿ ಮಾಡಲೇಬೇಕು, ಆದರೆ ಬೇಕಾದಷ್ಟೇ.

ಬೀಜವನ್ನು ಆರಿಸಿ, ಸಣ್ಣ ಉರಿಯಲ್ಲಿ ಚಟಚಟ ಎನ್ನುವವರೆಗೆ ಹುರಿಯಿರಿ. ಕಪ್ಪಾಗಲು ಬಿಡಬೇಡಿ. ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ. ಮಿಕ್ಸಿಯನ್ನು ತಡೆತಡೆದು ತಿರುಗಿಸಿದರೆ ಪುಡಿ ಬಿಸಿಯಾಗದು. ಹಿಂಡಿಗಾದರೆ ಒಣಮೆಣಸಿನಕಾಯಿ, ಜೀರಿಗೆ, ಕರಿಬೇವುಗಳನ್ನೂ ಹುರಿದು ಸೇರಿಸಿ. ಉಪ್ಪು, ಹುಣಸೆ ಹಾಕಿ. ಹಸಿ ಬೆಳ್ಳುಳ್ಳಿಯಲ್ಲಿ ನೀರಿನಂಶವಿರುವುದರಿಂದ ಅದನ್ನು ಬಡಿಸುವ ಹೊತ್ತಿಗೆ ಜಜ್ಜಿ ಬೆರೆಸುವುದು ಮೇಲು. ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿ, ಒಲೆಯಿಂದ ದೂರ, ಕತ್ತಲಲ್ಲಿ ಇಡಿ. ಫ್ರಿಜ್ ಇಲ್ಲದ ಮನೆಯವರು ಒಂದು ವಾರಕ್ಕಾಗುವಷ್ಟನ್ನೇ ಮಾಡಿ. ಫ್ರಿಜ್ ಇದ್ದವರೂ ತಿಂಗಳು ಮೀರಿಸದಿದ್ದರೆ ಒಳ್ಳೆಯದು. ಮಾಡಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಒದ್ದೆ ಚಮಚ ಹಾಕಬೇಡಿ. ನಾಲಿಗೆಗೆ ಕಹಿ, ಮೂಗಿಗೆ ಕಮಟು ಎನಿಸಿದರೆ ಮರುಕವಿಲ್ಲದೆ ಚೆಲ್ಲಿಬಿಡಿ.

ಬರಿಯ ಪುಡಿಯನ್ನು ಮಜ್ಜಿಗೆಗೆ, ಗಂಜಿಗೆ, ಒಲೆಯಿಂದ ಇಳಿಸಿದ ಪಲ್ಯಕ್ಕೆ ಬೆರೆಸಬಹುದು. ರೊಟ್ಟಿಯ ಹಿಟ್ಟಿಗೂ ಸೇರಿಸಬಹುದು. ಆದರೆ ಅಳತೆ ಮೀರಿದರೆ ಅಮೃತವೂ ವಿಷ. ದಿನಕ್ಕೆ ಒಂದು ಚಮಚ ಸಾಕು. ನಾರಿನಂಶ ಹೆಚ್ಚಿರುವುದರಿಂದ ಜೊತೆಗೆ ಧಾರಾಳವಾಗಿ ನೀರು ಕುಡಿಯಬೇಕು. ಅಗಸೆ ಆಹಾರವೇ ಹೊರತು ಔಷಧವಲ್ಲ. ಇದನ್ನು ನಂಬಿ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗಳನ್ನು ಯಾರೂ ನಿಲ್ಲಿಸಬಾರದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಬಳಸುವುದು ಕ್ಷೇಮ.

ಮರುಭೂಮಿಯಲ್ಲಿ ಇಸ್ರಯೇಲರು ನಾಳೆಗೆಂದು ಉಳಿಸಿದ ಮನ್ನಾ ಹುಳುಬಿದ್ದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಏಳನೆಯ ದಿನಕ್ಕೆಂದು ತೆಗೆದಿಟ್ಟದ್ದು ಮಾತ್ರ ಕೆಡಲಿಲ್ಲ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಕೂಡಿಡುವುದೇ ತಪ್ಪೆಂದು ಆ ಕಥೆ ಹೇಳುವುದಿಲ್ಲ. ಯಾವುದನ್ನು ಇಡಬೇಕು, ಯಾವುದನ್ನು ಇಂದೇ ಬಡಿಸಬೇಕು ಎಂಬ ವಿವೇಕವನ್ನು ಕೇಳುತ್ತದೆ. ದೂರದಲ್ಲಿರುವ ಮಕ್ಕಳಿಗಾಗಿ ಬೀಜವನ್ನು ಇಟ್ಟುಕೊಳ್ಳೋಣ, ಅವರು ಬಂದ ದಿನವೇ ಹುರಿದು ಪುಡಿ ಮಾಡೋಣ. ಇಂದಿನ ಪುಡಿ ಮಾತ್ರ ಇಂದು ಮನೆಯಲ್ಲಿ ಕುಳಿತು ಉಣ್ಣುವವರ ತಟ್ಟೆಗೆ ಸೇರಲಿ. ಬಡಿಸುವ ತಾಯಿಯ ತಟ್ಟೆಗೂ ಸೇರಲಿ.